ಹನ್ನೆರಡು ವೋಲ್ಟಿನ ಹಟ

ಸೋಲು ಒಪ್ಪಿಕೊಳ್ಳುವುದನ್ನು ತವರಿನಲ್ಲಿ ನನಗೆ ಯಾರೂ ಕಲಿಸಲಿಲ್ಲ. ಶಿಕ್ಷಕಿಯಾದ ಮೇಲೆ ಕಲಿಯುವ ಅವಕಾಶವೂ ಸಿಗಲಿಲ್ಲ. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವರಿಗೆ ಒಂದು ಕಾಯಿಲೆ ಅಂಟಿಕೊಳ್ಳುತ್ತದೆ. ಎದುರಿಗೆ ಯಾರು ಕೂತರೂ ಒಂಬತ್ತನೆಯ ಇಯತ್ತೆಯವರ ಹಾಗೆಯೇ ಕಾಣುತ್ತಾರೆ. ಇದು ನನ್ನ ಯಜಮಾನರಿಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ಮಿಕ್ಸರ್ ಕೆಟ್ಟಾಗ ಮೋಟಾರಿನ ತತ್ವವನ್ನು ಅವರಿಗೆ ಅರ್ಧ ಗಂಟೆ ವಿವರಿಸಿದ್ದೆ. ಅವರು ತಾಳ್ಮೆಯಿಂದ ಪೂರ್ತಿ ಕೇಳಿ, ಮಿಕ್ಸರನ್ನು ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋದರು. ಇರಲಿ. ಇಂಥ ಅವಮಾನಗಳಿಂದ ನನ್ನ ಮಾತೇನೂ ಬದಲಾಗುವುದಿಲ್ಲ. ದೋಣಿಯ ದೀಪಕ್ಕೆ ಹನ್ನೆರಡು ವೋಲ್ಟೇ ಸರಿ ಎಂದು ಆಗ ಹೇಳಿದೆ, ಈಗಲೂ ಹೇಳುತ್ತೇನೆ.

ದೋಣಿ ನನ್ನ ತಮ್ಮ ಪರಸುವಿನದು. ಕಲಾದಗಿಯ ಹತ್ತಿರ ಘಟಪ್ರಭೆಯ ಹಿನ್ನೀರು ಹರಡಿಕೊಂಡ ಮೇಲೆ ಆಚೆ ದಡದ ಹೊಲಗಳಿಗೆ ರಸ್ತೆಯಲ್ಲಿ ದೊಡ್ಡ ಸುತ್ತು. ದೋಣಿಯಲ್ಲಾದರೆ ಬಾಯಿಗೆ ಹಾಕಿದ ಎಲೆಅಡಿಕೆ ಮುಗಿಯುವುದರೊಳಗೆ ದಾಟಬಹುದು. ಅವನು ಮುಂಜಾನೆ ಕೂಲಿಯ ಹೆಣ್ಣುಮಕ್ಕಳನ್ನು ಅಲ್ಲಿಗೆ ಬಿಡುತ್ತಾನೆ, ಸಂಜೆ ಕರೆತರುತ್ತಾನೆ. ಕಳೆದ ಚಳಿಗಾಲದ ಒಂದು ಸಂಜೆ, ಮೆಣಸಿನಕಾಯಿ ಬಿಡಿಸಿ ಅವರೆಲ್ಲ ಮರಳುವಾಗ, ಮಬ್ಬಿನಲ್ಲಿ ಮೀನು ಹಿಡಿಯುವವರ ದೋಣಿಯೊಂದು ಅಡ್ಡ ಬಂದು ತಗುಲಿತು. ಪರಸುವಿನ ದೋಣಿ ಒಂದು ಕಡೆ ವಾಲಿ ಎರಡು ಬುಟ್ಟಿ ನೀರಿಗೆ ಹೋದವು. ಅವನ ಹೆಂಡತಿ ರೇಣವ್ವ ಮುಗ್ಗರಿಸಿ ಬಿದ್ದು ಮೊಳಕೈ ಊದಿಸಿಕೊಂಡಳು. ಯಾರೂ ಮುಳುಗಲಿಲ್ಲ, ಆದರೆ ಮುಳುಗಬಹುದಿತ್ತು. ದಡ ಹತ್ತಿದ ಕೂಡಲೇ ಅವಳು ಗಂಡನಿಗೆ, “ದೀಪ ಹಚ್ಚೂತನಾ ನಾ ಈ ದೋಣಿ ಹತ್ತಂಗಿಲ್ಲ” ಎಂದಳು. ರೇಣವ್ವ ಹತ್ತದಿದ್ದರೆ ಉಳಿದವರೂ ಹತ್ತುವುದಿಲ್ಲ.

ಪರಸು ಕೆರೂರಿನ ಸಂಗಣ್ಣನನ್ನು ಕರೆಸಿದ. ಸಂಗಣ್ಣ ಮದುವೆ ಮಂಟಪಕ್ಕೆ, ಗುಡಿಗಳಿಗೆ ದೀಪದ ಸರ ಹಾಕುವ ಎಲೆಕ್ಟ್ರಿಷಿಯನ್. ಆ ಭಾನುವಾರ ನಾನೂ ಬಾಗಲಕೋಟೆಯಿಂದ ಬಸ್ಸು ಹಿಡಿದು ಹೋಗಿದ್ದೆ. ಯಾರೂ ಕರೆದಿರಲಿಲ್ಲ. ಸಂಗಣ್ಣನ ಯೋಜನೆ ಸರಳವಾಗಿತ್ತು: ದೋಣಿಯ ಇಂಜಿನ್ನಿನ ಬ್ಯಾಟರಿಗೆ ಒಂದು ಇನ್ವರ್ಟರ್ ಜೋಡಿಸುವುದು, ಮನೆಯ ಕರೆಂಟಿನ ಹಾಗೆ ಇನ್ನೂರ ಮೂವತ್ತು ವೋಲ್ಟ್ ಮಾಡಿಕೊಳ್ಳುವುದು, ಮದುವೆಯ ಸರವನ್ನೇ ದೋಣಿಯ ಸುತ್ತ ಬಿಗಿಯುವುದು. ದೋಣಿ ಮದಲಗಿತ್ತಿಯ ಹಾಗೆ ಕಾಣಬೇಕು ಎಂಬುದು ಅವನ ಆಸೆ. ಮಹಾಕೂಟದ ಗುಡಿಯಲ್ಲಿ ಜನ ಸ್ನಾನ ಮಾಡುವ ಹೊಂಡದ ಸುತ್ತ ತಾನೇ ಸರ ಹಾಕಿದ್ದೇನೆ, ಈತನಕ ಯಾರಿಗೂ ಏನೂ ಆಗಿಲ್ಲ ಎಂದೂ ಹೇಳಿದ.

ನಾನು ದೋಣಿಯ ತಳ ನೋಡಿದೆ. ಅಲ್ಲಿ ಯಾವಾಗಲೂ ಪಾದ ಮುಳುಗುವಷ್ಟು ನೀರು. ಅದರಲ್ಲಿ ಬರಿಗಾಲಲ್ಲಿ ಕೂರುವ ಹನ್ನೊಂದು ಹೆಣ್ಣುಮಕ್ಕಳು. “ಸಂಗಣ್ಣ, ಹೊಂಡದಾಗ ಮಂದಿ ನೀರಾಗ ಇರ್ತಾರ, ನಿನ್ನ ಸರ ದಂಡಿ ಮ್ಯಾಲಿರತೈತಿ. ಇಲ್ಲಿ ಎರಡೂ ಒಂದ ಕಡೆ. ಹನ್ನೆರಡ ವೋಲ್ಟ ಸಾಕು. ಮ್ಯಾಲ ಒಂದ ವೋಲ್ಟ ಬ್ಯಾಡ” ಎಂದೆ. ಪರಸು ನಡುವೆ ಬಂದು, ಲಾರಿಯಲ್ಲಿ ಇರುವಂತೆ ಎರಡು ಬ್ಯಾಟರಿ ಜೋಡಿಸಿ ಇಪ್ಪತ್ನಾಲ್ಕು ಮಾಡಿದರೆ ಹೇಗೆ ಎಂದು ರಾಜಿ ಮಾಡಲು ನೋಡಿದ. ಅದೇನು ಸಂತೆಯ ಚೌಕಾಸಿಯೇ? ಇಂಜಿನ್ನಿನ ಬ್ಯಾಟರಿ ಹನ್ನೆರಡರದು, ಟ್ರ್ಯಾಕ್ಟರಿಗೆ ಹಾಕುವ ಎಲ್‌ಇಡಿ ದೀಪವೂ ಹನ್ನೆರಡರದು, ಕೆಟ್ಟರೆ ಊರಲ್ಲೇ ಸಿಗುತ್ತದೆ. ಎರಡನೆಯ ಬ್ಯಾಟರಿಯ ಭಾರ ಯಾಕೆ ಹೊರಬೇಕು ಎಂದು ಅವನ ಬಾಯಿ ಮುಚ್ಚಿಸಿದೆ.

ವೈರನ್ನು ನಾನೇ ತರುತ್ತೇನೆ ಎಂದು ಹೇಳಿದ್ದು ಮಾತ್ರ ಅತಿಯಾಯಿತು. ಎಷ್ಟು ದಪ್ಪದ ವೈರು ಬೇಕೆಂದು ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಮಾಡಿ, ಮುಂದಿನ ಭಾನುವಾರ ಕೆಂಪು ಕಪ್ಪು ಜೋಡಿಯ ಚೆಂದದ ವೈರೊಂದನ್ನು ಒಯ್ದೆ. ಸಂಗಣ್ಣ ಅದನ್ನು ಎರಡು ಬೆರಳಲ್ಲಿ ಹೊಸೆದು ನೋಡಿ, ಇದು ಬಾಗಿಲ ಗಂಟೆಗೆ ಹಾಕುವ ವೈರಲ್ಲವೇ ಎಂದು ಮೆಲ್ಲಗೆ ಕೇಳಿದ. ನಾನು ಓಮನ ನಿಯಮ ಶುರು ಮಾಡಿದೆ. ಅವನು ನಾನು ಹೇಳಿದ ಹಾಗೆ ಜೋಡಿಸಿದ.

ಹೊತ್ತು ಮುಳುಗಿತು. ಸ್ವಿಚ್ಚು ಒತ್ತಿದ್ದು ನಾನೇ. ಬ್ಯಾಟರಿಯ ಪಕ್ಕದ ಹಿಂದಿನ ದೀಪ ಕಣ್ಣು ಕೋರೈಸಿತು. ಮುಂದೆ ದೋಣಿಯ ಮೂತಿಯಲ್ಲಿದ್ದ ಎರಡು ದೊಡ್ಡ ದೀಪಗಳು, ಎದುರಿನವರಿಗೆ ಕಾಣಲೇಬೇಕಾದವು, ಜ್ವರ ಬಂದವರ ಕಣ್ಣಿನ ಹಾಗೆ ಮಿಣಮಿಣ ಎಂದವು. ದಡದಲ್ಲಿ ನಿಂತಿದ್ದ ರೇಣವ್ವ, “ಅದು ದೀಪಾನೋ, ಯಾರರ ಬೀಡಿ ಸೇದಾಕತ್ತಾರೋ?” ಎಂದು ಕೇಳಿದಳು. ನಾನು ಮೊದಲು ಬ್ಯಾಟರಿಯನ್ನು ಬೈದೆ, ಆಮೇಲೆ ದೀಪ ಮಾಡಿದವರನ್ನು, ಕೊನೆಗೆ ನದಿಯ ತೇವವನ್ನು.

ಸಂಗಣ್ಣ ಮೀಟರ್ ತೆಗೆದು ಬ್ಯಾಟರಿಗೆ ಹಿಡಿದ. ಹನ್ನೆರಡೂವರೆ. ಮೂತಿಗೆ ಹೋಗಿ ಹಿಡಿದ. ಒಂಬತ್ತು. ನಡುವೆ ಮೂರೂವರೆ ವೋಲ್ಟನ್ನು ನನ್ನ ಚೆಂದದ ವೈರು ನುಂಗಿತ್ತು. ಅವನು ಟಾರ್ಚಿನ ಬೆಳಕಲ್ಲಿ ನನ್ನ ಲೆಕ್ಕದ ಹಾಳೆ ನೋಡಿದ. ಒಂದು ಸಾಲಿನ ಮೇಲೆ ಬೆರಳಿಟ್ಟ.

“ಟೀಚರ್ರ, ಬ್ಯಾಟರಿಯಿಂದ ಮೂತಿತನಾ ಮೂವತ್ತ ಫೂಟ ಅಂತ ಬರದೀರಿ. ಕರೆಂಟ ಹ್ವಾದದ್ದು ತಿರಗಿ ಬರೂದಿಲ್ಲೇನ್ರಿ?”

ಹೋಗುವ ದಾರಿ ಮೂವತ್ತಾದರೆ, ಬರುವುದೂ ಸೇರಿ ಅರವತ್ತು; ಅಷ್ಟುದ್ದಕ್ಕೆ ನನ್ನ ತೆಳು ವೈರು ಸಾಲದು. ಮಂಡಲ ಪೂರ್ಣವಾಗದೆ ವಿದ್ಯುತ್ತು ಹರಿಯುವುದಿಲ್ಲ ಎಂದು ಇಪ್ಪತ್ತೆರಡು ವರ್ಷ ಕರಿಹಲಗೆಯ ಮೇಲೆ ಬರೆದ ಕೈ ಇದು. ಪರಸು ನದಿಯ ಕಡೆ ಮುಖ ಮಾಡಿ ನಿಂತ. ಅವನ ಹೆಗಲು ಅಲುಗುತ್ತಿತ್ತು. ಅಷ್ಟಾದರೂ ನಾನು ಬಗ್ಗಲಿಲ್ಲ. “ತಪ್ಪು ವೈರಿಂದು, ವೋಲ್ಟಿಂದಲ್ಲ” ಎಂದೆ. ಸಂಗಣ್ಣ ಒಳ್ಳೆಯ ಮನುಷ್ಯ. “ಅದು ಖರೇನ ಐತ್ರಿ” ಎಂದು ಒಪ್ಪಿಕೊಂಡ. ಮರುದಿನ ದಪ್ಪನೆಯ ತಾಮ್ರದ ವೈರು ತಂದು ನೀರು ತಾಗದಂತೆ ಅಂಚಿನ ಮೇಲೆ ಬಿಗಿದನಂತೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಲೇಬೇಕು ಎಂದು ನಾನು ಶಾಲೆಯಿಂದ ಫೋನು ಮಾಡಿ ಪಟ್ಟು ಹಿಡಿದೆ. ಅದನ್ನು ಹಾಕಿ ಒಂದು ತಾಸಾಯಿತು ಎಂದ.

ಆ ಸಂಜೆ ರೇಣವ್ವ ದೋಣಿ ಹತ್ತಿದಳು, ಅವಳ ಹಿಂದೆ ಎಲ್ಲರೂ ಹತ್ತಿದರು. ಅದೇ ಮೀನಿನ ದೋಣಿ ದೂರದಿಂದಲೇ ಇವರ ಬೆಳಕು ಕಂಡು ಪಕ್ಕಕ್ಕೆ ಸರಿಯಿತಂತೆ. ಪರಸು ಇದನ್ನು ಫೋನಿನಲ್ಲಿ ಹೇಳಿದಾಗ ಇನ್ನೊಮ್ಮೆ ಹೇಳು ಎಂದು ಕೇಳಿಸಿಕೊಂಡೆ. ಆಮೇಲೆ, ಇದೆಲ್ಲ ಹನ್ನೆರಡು ವೋಲ್ಟಿನಿಂದ ಆದದ್ದು ಎಂದು ನೆನಪು ಮಾಡಿಕೊಟ್ಟೆ.

ಒಂದೇ ವಾರದಲ್ಲಿ ಅವನ ಫೋನು ಮತ್ತೆ ಬಂತು. ಮೂತಿಯ ದೀಪದ ಬೆಳಕಿಗೆ ಹಿನ್ನೀರಿನ ಹುಳಗಳೆಲ್ಲ ಬಂದು ಮುತ್ತುತ್ತಿವೆ, ಹೆಣ್ಣುಮಕ್ಕಳು ಸೆರಗು ಮುಚ್ಚಿಕೊಂಡು ಎಲ್ಲರೂ ಹಿಂದೆ ಬಂದು ಕೂರುತ್ತಾರೆ, ದೋಣಿ ಮೂತಿ ಎತ್ತಿಕೊಂಡು ಓಡುತ್ತಿದೆ, ಏನು ಮಾಡಲಿ ಅಕ್ಕ ಎಂದ. ಹುಳದ ಪ್ರಶ್ನೆ ಜೀವಶಾಸ್ತ್ರಕ್ಕೆ ಸೇರಿದ್ದು, ನನ್ನನ್ನು ಕೇಳಬೇಡ, ನಾನು ಭೌತಶಾಸ್ತ್ರದವಳು ಎಂದು ಖಡಾಖಂಡಿತವಾಗಿ ಹೇಳಿ ಫೋನಿಟ್ಟೆ. ನಮ್ಮ ಶಾಲೆಯಲ್ಲಿ ಎರಡನ್ನೂ ನಾನೇ ಕಲಿಸುತ್ತೇನೆ ಎಂಬುದು ಪುಣ್ಯಕ್ಕೆ ಅವನಿಗೆ ಗೊತ್ತಿಲ್ಲ.