ದುಃಖ ರದ್ದಾದ ಹರ್ಷಾವತಿ

ಓದುಗ ಮಹಾಶಯರೇ, ನಮ್ಮ ನಿಮ್ಮ ಅಜ್ಜಂದಿರ ಅಜ್ಜಂದಿರೂ ಹುಟ್ಟುವ ಮೊದಲು ಹರ್ಷಾವತಿಯೆಂಬ ರಾಜ್ಯವಿತ್ತು. ಶ್ರೀಮನ್ಮಹಾರಾಜ ಪ್ರಹಸಿತವರ್ಮನು ಅದನ್ನು ಆಳುತ್ತಿದ್ದ. ಸಂತೋಷ ಸೂಚ್ಯಂಕದಲ್ಲಿ ತನ್ನ ರಾಜ್ಯವೇ ಮೊದಲಿರಬೇಕೆಂದು ಆತ ಸಿಂಹಾಸನವೇರಿದ ವಾರದಲ್ಲೇ ದುಃಖವನ್ನು ರದ್ದುಪಡಿಸಿದ. ಅಂದಿನಿಂದ ಪ್ರಜೆಗಳು ಬಾಗಿಲು ಹಾಕಿಕೊಂಡು ಅಳತೊಡಗಿದರು. ಒಳಗೊಳಗೇ ಕುಗ್ಗಿ, ಯಾರಿಗೂ ಹೇಳದೆ ಜೀವ ಕಳೆದುಕೊಂಡವರೂ ಇದ್ದರು. ಅಂಥವರನ್ನು ಅರಮನೆಯ ಪ್ರಕಟಣೆಗಳು 'ವಿಳಾಸ ಬದಲಿಸಿದವರು' ಎಂದು ಕರೆಯುತ್ತಿದ್ದವು.

ಇದನ್ನು ನೋಡಲಾರದೆ ಆಸ್ಪತ್ರೆಯ ಮನೋವೈದ್ಯೆ ಕುಮುದಿನಿ ಮತ್ತು ಆಕೆಯ ಜತೆಗಿದ್ದ ಆಪ್ತಸಮಾಲೋಚಕ ವೀರಭದ್ರ ಆಸ್ಥಾನಕ್ಕೆ ಬಂದು ಕೈಮುಗಿದರು.

"ಮಹಾಪ್ರಭು, ಸಾಯಬೇಕು ಅನ್ನಿಸಿದವರನ್ನ ಉಳಿಸಿಕೊಳ್ಳೋದು ಹೇಗೆ ಅಂತ ಜನಕ್ಕೆ ಹೇಳಿಕೊಡ್ತೀವಿ. ಅಪ್ಪಣೆ ಆಗಬೇಕು" ಎಂದಳು ಕುಮುದಿನಿ.

ಮಂತ್ರಿ ಸ್ತುತಿಕೀರ್ತಿ ಬೆಚ್ಚಿಬಿದ್ದ. "ಪ್ರಭೂ, ಆ ಮಾತನ್ನೆತ್ತಿದರೆ ಜನರ ತಲೆಯಲ್ಲಿ ಇಲ್ಲದ ಯೋಚನೆ ಹುಟ್ಟುತ್ತದೆ! ಮೇಲಾಗಿ ಹೂಡಿಕೆದಾರರ ಸಮಾವೇಶ ಬೇರೆ ಹತ್ತಿರ ಬಂತು."

"ಕೇಳಿದ್ರೆ ಯೋಚನೆ ಹುಟ್ಟಲ್ಲ ಸ್ವಾಮಿ. ಒಳಗಿರೋದು ಹೊರಗೆ ಬರುತ್ತೆ. ಆಗಲೇ ನಾವು ಕೈ ಹಿಡಿಯೋಕೆ ಆಗೋದು" ಎಂದ ವೀರಭದ್ರ.

ಮಹಾರಾಜರು ಗಂಭೀರವಾಗಿ ಆಲೋಚಿಸಿ, "ಆಗಲಿ. ಫ್ಲೆಕ್ಸಿನಲ್ಲಿ ನಮ್ಮ ಭಾವಚಿತ್ರವಿರಲಿ, ನಗುತ್ತಿರುವುದು" ಎಂದು ಅಪ್ಪಣೆ ಕೊಡಿಸಿದರು.

ಹೀಗೆ ಮಹಾರಾಜರ ಮೂವತ್ತೆರಡು ಹಲ್ಲುಗಳ ಕೆಳಗೆ, ಪೇಟೆಯ ಮಂಟಪದಲ್ಲಿ ಪಾಠ ಆರಂಭವಾಯಿತು. ಹೂ ಮಾರುವ ಪುಟ್ಟತಾಯಮ್ಮ ಉಪ್ಪಿಟ್ಟಿನ ಆಸೆಗೆ ಬಂದು ಕೂತವಳು, ಉಪ್ಪಿಟ್ಟು ಮುಗಿದ ಮೇಲೂ ಏಳಲಿಲ್ಲ. ಯಾರಾದರೂ ತಮ್ಮ ವಸ್ತುಗಳನ್ನು ಇನ್ನು ಬೇಡವೆಂದು ಕೊಟ್ಟುಬಿಡತೊಡಗಿದರೆ ಎಚ್ಚರವಾಗಿ, ಸಾಯಬೇಕು ಅನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ, ಬುದ್ಧಿವಾದ ಹೇಳದೆ ಕೇಳಿಸಿಕೊಳ್ಳಿ, ಒಬ್ಬರನ್ನೇ ಬಿಡಬೇಡಿ, ನಮ್ಮ ಹತ್ತಿರ ಕರೆತನ್ನಿ ಎಂದು ಕುಮುದಿನಿ ಹೇಳುತ್ತಿದ್ದಳು.

"ಅಲ್ಲ ಡಾಕ್ಟ್ರಮ್ಮ, ಮುಖಕ್ಕೆ ಮುಖ ಕೊಟ್ಟು ಹಂಗೆ ಕೇಳಿದ್ರೆ ಬೇಜಾರು ಮಾಡ್ಕೊಳ್ಳಲ್ವಾ?" ಎಂದಳು ಪುಟ್ಟತಾಯಮ್ಮ.

"ಮಾಡ್ಕೊಳ್ಳಲಿ ಬಿಡಮ್ಮ. ಬದುಕಿದ್ರೆ ತಾನೇ ಬೇಜಾರು ಮಾಡ್ಕೊಳ್ಳೋದು?"

ಅರಮನೆಯಲ್ಲಿ ಬಹುಪರಾಕು ಹೇಳುವ ಚೆಲುವಯ್ಯ ಆಗಷ್ಟೇ ಹೆಂಡತಿಯನ್ನು ಕಳೆದುಕೊಂಡಿದ್ದ. ರಜೆ ಕೇಳಿದಾಗ ಮಂತ್ರಿ, "ಶೋಕಕ್ಕೆ ರಜೆ ಕೊಟ್ಟರೆ ಶೋಕವಿದೆಯೆಂದು ಒಪ್ಪಿದಂತಾಗುವುದಿಲ್ಲವೇ?" ಎಂದು ಪ್ರೋಟೋಕಾಲ್ ವಿವರಿಸಿದ್ದ. ಹೆಂಡತಿಯನ್ನು ಮಣ್ಣು ಮಾಡಿದ ಮರುದಿನವೇ ಚೆಲುವಯ್ಯ ಹೋಗಿ 'ಆನಂದಸಾಗರ, ಮಂದಹಾಸಮೇರು' ಎಂದು ಕೂಗಿದ. ದಿನದಿಂದ ದಿನಕ್ಕೆ ಅವನ ದನಿ ಇಳಿಯಿತು.

ಒಂದು ಬೆಳಿಗ್ಗೆ ಅವನು ಬಹುಪರಾಕು ಹೇಳುವಾಗ ಹಿಡಿಯುವ ತನ್ನ ಬೆಳ್ಳಿಕಟ್ಟಿನ ಕೋಲನ್ನು ಪುಟ್ಟತಾಯಮ್ಮನ ಬುಟ್ಟಿಯ ಪಕ್ಕಕ್ಕಿಟ್ಟ. "ಇಟ್ಕೊ ತಾಯಿ. ನಂಗಿನ್ನು ಬೇಡ."

ಪುಟ್ಟತಾಯಮ್ಮನಿಗೆ ಮಂಟಪದ ಪಾಠ ನೆನಪಾಯಿತು. "ಕೂತ್ಕೊ ಅಣ್ಣ" ಎಂದಳು. ಬುಟ್ಟಿ ಪಕ್ಕಕ್ಕೆ ಸರಿಸಿ ಕೇಳಿಯೇಬಿಟ್ಟಳು. "ಸತ್ತೋಗ್ಬೇಕು ಅಂತ ಅನ್ನಿಸ್ತಾ ಇದ್ಯಾ?"

ಚೆಲುವಯ್ಯ "ಹೂಂ" ಎಂದ.

ಎಲ್ಲ ಸರಿಹೋಗುತ್ತೆ, ದೇವರಿದ್ದಾನೆ, ಗಂಡಸಾಗಿ ಹೀಗಾ ಎಂಬ ಮಾತುಗಳೆಲ್ಲ ಅವಳ ನಾಲಿಗೆಯ ತುದಿಗೆ ಬಂದವು. ಅವನ್ನೆಲ್ಲ ನುಂಗಿಕೊಂಡಳು. "ಹೇಳಿದ್ದು ಒಳ್ಳೇದಾಯ್ತು. ನಾನಿಲ್ಲೇ ಇರ್ತೀನಿ, ನೀನು ಮಾತಾಡು."

ಅವನು ಮಾತಾಡಿದ, ಅತ್ತ, ಮತ್ತೆ ಮಾತಾಡಿದ. ಬಿಸಿಲೇರಿ ಬುಟ್ಟಿಯ ಮಲ್ಲಿಗೆಯೆಲ್ಲ ಬಾಡಿತು. ಅವಳು ಆ ಕಡೆ ತಿರುಗಿಯೂ ನೋಡದೆ ಅವನ ಕೈ ಹಿಡಿದು ಆಸ್ಪತ್ರೆಗೆ ನಡೆದಳು. ಔಷಧಿ ಶುರುವಾಯಿತು, ವೀರಭದ್ರ ವಾರವಾರವೂ ಅವನನ್ನು ಕೂರಿಸಿಕೊಂಡು ಮಾತಾಡಿಸಿದ. ಚಳಿಗಾಲ ಕಳೆಯುವಷ್ಟರಲ್ಲಿ ಚೆಲುವಯ್ಯ ಊಟಕ್ಕೆ ಉಪ್ಪು ಕಡಿಮೆಯಾಯಿತೆಂದು ಜಗಳ ತೆಗೆಯುವಷ್ಟು ಚೇತರಿಸಿಕೊಂಡ.

ಸುದ್ದಿ ಆಸ್ಥಾನ ತಲುಪಿತು. "ಪ್ರಭೂ, ತಮ್ಮ ಭಾವಚಿತ್ರದ ಪ್ರಭಾವದಿಂದ ಒಬ್ಬ ಬದುಕುಳಿದಿದ್ದಾನೆ!" ಎಂದ ಸ್ತುತಿಕೀರ್ತಿ.

"ಹಾಗಾದರೆ ಅಭಿಯಾನ ಯಶಸ್ವಿಯಾಯಿತು. ಯಶಸ್ವಿಯಾದದ್ದನ್ನು ಮುಂದುವರಿಸುವುದೇಕೆ?" ಎಂದರು ಮಹಾರಾಜರು.

ಮನೋವೈದ್ಯ ವಿಭಾಗಕ್ಕೆ ಬೀಗ ಬಿತ್ತು. ಫ್ಲೆಕ್ಸು ಮಾತ್ರ ಉಳಿಯಿತು. ಮಹಾರಾಜರಿಗೆ 'ಮನೋದ್ಧಾರಕ ಚಕ್ರವರ್ತಿ' ಎಂಬ ಬಿರುದಿನೊಡನೆ ಹೊಸ ಕಿರೀಟ ಬಂತು. ಕುಮುದಿನಿ, ವೀರಭದ್ರ ಹೊಳೆಯಾಚೆಯ ನೆರೆರಾಜ್ಯಕ್ಕೆ ಹೋಗಿ ಚಿಕಿತ್ಸಾಲಯ ತೆರೆದರು.

ಹರ್ಷಾವತಿಯ ಜನ ದೋಣಿ ಹತ್ತಿ ಅಲ್ಲಿಗೇ ಹೋಗತೊಡಗಿದರು. ಯಾರೂ ಒಬ್ಬೊಬ್ಬರೇ ಹೋಗಬಾರದೆಂದು ಚೆಲುವಯ್ಯ ಜತೆಗೆ ಹೋಗುತ್ತಿದ್ದ. ಗಡಿಯ ಅಧಿಕಾರಿ ಪ್ರತಿಯೊಬ್ಬರನ್ನೂ ಕೇಳುತ್ತಿದ್ದ:

"ಪ್ರಯಾಣದ ಉದ್ದೇಶ?"

"ದುಃಖ ಸ್ವಾಮಿ."

"ಅದು ನಮ್ಮ ರಾಜ್ಯದಲ್ಲಿಲ್ಲ. ವಿಹಾರ ಅಂತ ಬರ್ಕೊತೀನಿ. ವಿಹಾರದ ಸುಂಕ ಕಟ್ಟಿ."

ಜನ ಕಣ್ಣೊರೆಸಿಕೊಂಡು ಕಟ್ಟುತ್ತಿದ್ದರು. ವರ್ಷಾಂತ್ಯದಲ್ಲಿ ಮಂತ್ರಿಯು, ಪ್ರಜೆಗಳು ಆನಂದ ತಾಳಲಾರದೆ ತಂಡತಂಡವಾಗಿ ವಿಹಾರಕ್ಕೆ ಹೊರಟಿದ್ದಾರೆಂದು ವರದಿ ಒಪ್ಪಿಸಿದ. ಮಹಾರಾಜರು ಸಂತುಷ್ಟರಾಗಿ ಸುಂಕವನ್ನು ಇಮ್ಮಡಿಗೊಳಿಸಿದರು.