ಯಾರ ಮನಿಗೂ ಹೋಗದ ಪ್ರವಾಸ

ಬ್ಯಾರೆ ಮಂದಿ ಪ್ರವಾಸಕ್ಕ ಹೋದ್ರ ಗುಡಿ, ಗುಡ್ಡ, ಹೊಳಿ ನೋಡಿ ಬರತಾರ. ನಾವು ಹೋದ್ರ ಮಾತ್ರ ಎಲ್ಲಿ ಹೋದ್ರೂ ಯಾರದರ ಪಡಸಾಲ್ಯಾಗ ಕುಂತು, ಚಾ ಕುಡದು, ಹೊತ್ತು ಮುಳುಗಿಸ್ಕೊಂಡು ಬರತೇವಿ. ಇದು ಒಮ್ಮೆ ಆದ್ರ ಏನೋ ಹಂಗಾತು ಅನ್ನಬಹುದು. ನಮಗ ಪ್ರತಿ ಸಲಾನೂ ಆಗತೈತಿ.

ನಾನು ಗದಗಿನ ಒಂದು ಹೈಸ್ಕೂಲಿನಾಗ ಸಮಾಜ ವಿಜ್ಞಾನದ ಮಾಸ್ತರ. ಮನಿ ಬೆಟಗೇರಿಯೊಳಗ. ಮನ್ಯಾಗ ನಾನು, ನಮ್ಮಾಕಿ, ಒಂಬತ್ತನೇತ್ತಾ ಓದೋ ಮಗಳು, ಮತ್ತ ನಮ್ಮವ್ವ. ದಸರಾ ಸೂಟಿ ಸುರು ಆದ ದಿನ ನಮ್ಮಾಕಿ ಹಾಲು ಕಾಸೋದು ಬಿಟ್ಟು ಹೊರಗ ಬಂದು ನನ್ನ ಮುಂದ ನಿಂತ್ಲು.

"ಮದಿವ್ಯಾಗಿ ಹದಿನೆಂಟು ವರ್ಷಾತ್ರಿ. ಲಕ್ಷ್ಮೇಶ್ವರಕ್ಕ ಎಷ್ಟ್ ಸಲ ಹೋಗೇನೋ ಲೆಕ್ಕಿಲ್ಲ, ಸೋಮೇಶ್ವರ ಗುಡಿ ನೋಡಿಲ್ಲ. ಲಕ್ಕುಂಡಿ ಮ್ಯಾಲೆ ಹಾದು ಕಂಡಕಂಡವರ ಮದಿವಿಗೆ ಹೋಗೇನಿ, ಒಂದ್ ಬಾವಿ ನೋಡಿಲ್ಲ. ಜಿಲ್ಲಾದಾಗಿನ ಎಲ್ಲಾರ ಅಡಗಿಮನಿ ಮಾತ್ರ ನೋಡೇನಿ. ನಾನೂ ಒಂದಿನ ಯಾರ ಸೊಸಿನೂ ಅಲ್ಲ, ಯಾರ ವೈನಿನೂ ಅಲ್ಲ ಅನ್ನೂಹಂಗ, ಸುಮ್ಮನ ಕೈ ಬೀಸ್ಕೊಂತ ಊರು ನೋಡಬೇಕು."

ಹೇಳೋದರಾಗ ಆಕಿ ಕಣ್ಣಾಗ ನೀರು ಬಂದ್ವು. ನನಗ ಖರೇನ ಕೆಟ್ಟನಿಸ್ತು. ಅಲ್ಲೇ ನಿಂತ ಕಾಲ ಮ್ಯಾಲೆ ನಿಯಮ ಮಾಡಿದ್ವಿ: ಸೂಟಿಯೊಳಗ ಬರೋ ಮೂರೂ ರವಿವಾರ ತಿರುಗಾಡೂದು, ಸಂಬಂಧಿಕರ್ಯಾರ ಮನಿಗೂ ಹೋಗಂಗಿಲ್ಲ. ಮೂಲ್ಯಾಗ ಕುಂತಿದ್ದ ನಮ್ಮವ್ವ ಎಲ್ಲಾ ಕೇಳಿ, "ಹಾಂ, ನೋಡೂಣಂತ" ಅಂದ್ಲು.

ಲಕ್ಕುಂಡಿ: ಬಾವಿ ಮತ್ತ ಉಡಿ

ನಾನು ಇಪ್ಪತ್ತೆರಡು ವರ್ಷದಿಂದ ಹಲಗಿ ಮ್ಯಾಲೆ ಲಕ್ಕುಂಡಿ ಅಂತ ಬರದು ಪಾಠ ಹೇಳೇನಿ. ಆದ್ರ ಒಳಗ ಹೊಕ್ಕು ನೋಡಿದ್ದಿಲ್ಲ. ಇದನ್ನ ಮಗಳಿಗೆ ಹೇಳಬಾರದು ಅಂತ ನಮ್ಮಾಕಿ ಕಡಿಂದ ಮಾತು ತಗೊಂಡಿದ್ದೆ.

ಒಂದು ಗುಡಿ ಮುಂದ ನಿಂತು, ಸಾಲ್ಯಾಗಿನ ದನಿ ತಗದು, "ನೋಡವಾ, ಇದು ಕಾಶಿ ವಿಶ್ವನಾಥ ಗುಡಿ. ಇದರ ಬಾಗಲದ ಕೆತ್ತನಿ ನೋಡು" ಅಂತ ಸುರು ಮಾಡಿದೆ. ಅಲ್ಲಿ ಕಾವಲಿಗೆ ಇದ್ದ ಮನುಷ್ಯ ಓಡಿ ಬಂದು ನನ್ನ ಪಾದ ಮುಟ್ಟಿದ.

"ಸರ, ಗುರುತು ಹತ್ತಲಿಲ್ಲೇನ್ರಿ? ನಾ ನಿಮ್ಮ ವಿದ್ಯಾರ್ಥಿ ರೀ. ನಿಮ್ಮಿಂದನ ನನಗ ಇತಿಹಾಸದ ಹುಚ್ಚು ಹತ್ತಿದ್ದು."

ನನ್ನ ಎದಿ ಉಬ್ಬಿತು. ಮಗಳು ನೋಡಲಿ ಅಂತ ಸ್ವಲ್ಪ ನೆಟ್ಟಗ ನಿಂತೆ.

"ಆದ್ರ ಸರ," ಅಂತ ಆತ ದನಿ ಸಣ್ಣ ಮಾಡಿದ, "ಇದು ಬಸದಿ ರೀ. ಕಾಶಿ ವಿಶ್ವನಾಥ ಗುಡಿ ಆ ಕಡಿ ಐತಿ. ನೀವು ಕ್ಲಾಸಿನಾಗೂ ಇದರ ಚಿತ್ರಾನ ತೋರಸ್ತಿದ್ರಿ. ಇಲ್ಲಿ ಕೆಲಸಕ್ಕ ಬಂದ ಮ್ಯಾಲೆ ನನಗ ಗೊತ್ತಾತು."

ಮಗಳು ನಕ್ಕಿದ್ದು ಇಡೀ ಬಸದಿಗೆ ಕೇಳಿಸ್ತು. ಅಷ್ಟಕ್ಕ ಮುಗೀಲಿಲ್ಲ. "ಮನಿ ಇಲ್ಲೇ ಸನೇದಾಗ ಐತ್ರಿ, ಗುರುಗಳು ಬಂದು ಹಂಗ ಹೋದ್ರ ನಮ್ಮವ್ವ ನನಗ ಮನ್ಯಾಗ ಕರಕೊಳ್ಳಂಗಿಲ್ಲ" ಅಂತ ಆತ ಕೈ ಹಿಡದ. ನಮ್ಮಾಕಿ ನನ್ನ ಕಡೆ ನೋಡಿದ್ಲು. ಶಿಷ್ಯ ಸಂಬಂಧಿಕರೊಳಗ ಬರಂಗಿಲ್ಲ ಅಂತ ನಾನು ಕಾಯದೆ ತಗದೆ.

ಆ ಮನ್ಯಾಗ ಉಪ್ಪಿಟ್ಟು ಆತು, ಚಾ ಆತು. ಎದ್ದು ಹೊಂಟಾಗ ಅವರವ್ವ ನಮ್ಮಾಕಿ ಸೆರಗಿನಾಗ ಅಕ್ಕಿ, ಕೊಬ್ಬರಿ ಬಟ್ಟಲ, ಉತ್ತತ್ತಿ, ಎಲಿ-ಅಡಿಕಿ, ಕುಬಸದ ಖಣ ಹಾಕಿ ಉಡಿ ತುಂಬಿದ್ರು. ಮನಿ ಮುಟ್ಟಿ ದೇವರ ಮುಂದ ನಿಲ್ಲೋತನಕ ಉಡಿ ಬಿಚ್ಚಬಾರದು ಅಂತ ನಮ್ಮವ್ವನ ಕಟ್ಟಪ್ಪಣಿ.

ಕಡೀಕ ಬಾವಿಗೆ ಹೋದ್ವಿ. ಮೆಟ್ಟಲ ನೆಟ್ಟಗ ಕೆಳಗ ಇಳೀತಾವ. ಎರಡೂ ಕೈಲೆ ಉಡಿ ಹಿಡಕೊಂಡಾಕಿ ಇಳಿಯೋದರ ಹೆಂಗ? ಆಕಿ ನಮ್ಮವ್ವನ ಜೋಡಿ ಮ್ಯಾಲೇ ನಿಂತ್ಲು, ನಾನೂ ಮಗಳೂ ಕೆಳಗ ಇಳದ್ವಿ. "ಹೆಂಗೈತ್ರಿ ಬಾವಿ?" ಅಂತ ಮ್ಯಾಲಿಂದ ಒದರಿದ್ಲು.

"ಭಾಳ ಚಂದ ಐತಿ! ನೀ ನೋಡಬೇಕಿತ್ತು!" ಅಂತ ಒದರಿದೆ. ಅದು ಆಡಬಾರದ ಮಾತಾಗಿತ್ತು ಅಂತ ಗಾಡ್ಯಾಗ ಕುಂತ ಮ್ಯಾಲೆ ತಿಳೀತು.

ಲಕ್ಷ್ಮೇಶ್ವರ: ಕರೀ ಚಾಳೀಸು

ಎರಡನೇ ರವಿವಾರ ನಮ್ಮಾಕಿ ಪಕ್ಕಾ ತಯಾರಿ ಮಾಡಿದ್ಲು. ಲಕ್ಷ್ಮೇಶ್ವರದಾಗ ನಮ್ಮ ದೊಡ್ಡವ್ವನ ಮಗಳ ಮನಿ ಐತಿ. ಆಕಿ ಕಣ್ಣಿಗೆ ಬಿದ್ವಿ ಅಂದ್ರ ದಿನಾನ ಹೋತು. ಅದಕ್ಕ ನಮ್ಮ ಮೂರೂ ಮಂದಿಗೆ ಬಜಾರದಾಗಿಂದ ಕರೀ ಚಾಳೀಸು ತಂದಿದ್ಲು, ಮ್ಯಾಲೆ ಟೊಪ್ಪಿಗಿ. ನಮ್ಮವ್ವ ಮಾತ್ರ, "ಕಳ್ಳರ ಹಂಗ ನಾ ಬರಂಗಿಲ್ಲ. ಗಾಡ್ಯಾಗ ಕುಂತಿರತೀನಿ, ನೀವು ನೋಡ್ಕೊಂಡು ಬರ್ರಿ" ಅಂದ್ಲು.

ಸೋಮೇಶ್ವರ ಗುಡಿಯೊಳಗ ನಮ್ಮಾಕಿ ತಾಸುಗಟ್ಟಲೆ ತಿರುಗಾಡಿದ್ಲು. ಕರೀ ಚಾಳೀಸಿನಾಗ ಕೆತ್ತನಿ ಸರಿಯಾಗಿ ಕಾಣಲಿಲ್ಲ, ಹಂಗಂತ ತಗಿಯಾಕ ಧೈರ್ಯ ಸಾಲಲಿಲ್ಲ, ಗ್ವಾಡಿಗೆ ಕೈ ಆಡಿಸಿ ಆಡಿಸಿ ನೋಡಿದ್ಲು. ಹೊರಗ ಬಂದ್ರ ಗಾಡಿ ಐತಿ, ಅವ್ವ ಇಲ್ಲ.

ಗಾಬರಿಯಾಗಿ ಹುಡುಕಾಡೋದರಾಗ ದೊಡ್ಡವ್ವನ ಮಗಳ ಗಂಡ ಎದುರಿಗೆ ಬಂದು, "ಅತ್ತಿಯವರು ನಮ್ಮ ಮನ್ಯಾಗ ಕುಂತಾರ, ಬರ್ರಿ" ಅಂದ್ರು. ಆದದ್ದು ಇಷ್ಟ: ಅವ್ವ ಹಾದಿ ಮ್ಯಾಲೆ ಹೊಂಟಿದ್ದ ಒಬ್ಬಾಕಿಗೆ ಕುಡಿಯಾಕ ನೀರು ಕೇಳ್ಯಾಳ. ನೀರು ಕೊಟ್ಟಾಕಿ ಯಾವ ಊರು, ಯಾರ ಪೈಕಿ ಅಂತ ಕೇಳ್ಯಾಳ. ಹತ್ತು ನಿಮಿಷದಾಗ ಕೈ ಹಿಡದು ಮನಿ ಮುಟ್ಟಿಸ್ಯಾಳ.

ಬಾಗಲದಾಗ ನಮ್ಮನ್ನ ನೋಡಿ ದೊಡ್ಡವ್ವನ ಮಗಳು ಹೌಹಾರಿದ್ಲು. "ಅಯ್ಯ ವೈನಿ, ಮೂರೂ ಮಂದಿಗೆ ಕಣ್ಣು ಬಂದಾವೇನು?" ಆಗ ಆ ಓಣ್ಯಾಗ ಎಲ್ಲಾರಿಗೂ ಕಣ್ಣುಬ್ಯಾನಿ ಹತ್ತಿತ್ತಂತ. ನಮ್ಮಾಕಿಗೆ ದೇವರೇ ಹಾದಿ ತೋರಿಸಿದಂಗಾತು. "ಹೌದವಾ, ಭಾಳ ಕೆಂಪಾಗ್ಯಾವ. ಒಳಗ ಬಂದ್ರ ನಿಮ್ಮ ಹುಡುಗರಿಗೂ ಹತ್ತತಾವ. ನಾವು ಹಿಂಗ ಹೊಂಟ್ವಿ."

ಆಕಿ ಹುಡುಗರನ್ನ ಅತ್ತಾಗ ಓಡಿಸಿ, ಹೊರಗ ಕಟ್ಟಿ ಮ್ಯಾಲೆ ಜಮಖಾನಿ ಹಾಸಿದ್ಲು. "ಕಣ್ಣು ಬಂದ್ರೇನಾತು ವೈನಿ, ಬಾಯಿ ನೆಟ್ಟಗದಾವಲ್ಲ? ಕುಂಡ್ರಿ, ಊಟ ಮಾಡೇ ಹೋಗ್ರಿ."

ಶಿರಹಟ್ಟಿ: ನಿಯಮ ಅಂದ್ರ ನಿಯಮ

ಅವತ್ತ ಹೊಳ್ಳಿ ಬರೋ ಹಾದಿಯೊಳಗ ಶಿರಹಟ್ಟಿ. ಅದು ನಮ್ಮಾಕಿ ತವರೂರು. ಊರು ಕಂಡಕೂಡ್ಲೆ ನಾನು ಗಾಡಿ ಜೋರ ಬಿಟ್ಟೆ. ನಿಯಮ ಆಕೀದು, ನಾ ಮುರದ್ರ ಹೆಂಗ?

ಬಸ್ ಸ್ಟ್ಯಾಂಡ ಹಿಂದ ಹೋತು. ಆಕಿ ಕಿಡಕಿ ಹೊರಗ ನೋಡ್ಕೊಂತ ಕುಂತಿದ್ಲು. ತವರುಮನಿ ಓಣಿ ದಾಟೋದ ತಡ, "ರೀ, ನಿಲ್ಲಸ್ರಿ" ಅಂದ್ಲು.

"ಯಾಕ?"

"ನಿಲ್ಲಸ್ರಿ ಅಂದ್ನಿ."

"ಸಂಬಂಧಿಕರ ಮನಿಗೆ ಹೋಗಂಗಿಲ್ಲ ಅಂದಾಕಿ ನೀನ ಅಲ್ಲೇನು?"

ಇಂಥಾ ದಡ್ಡನ ಜೋಡಿ ಇಷ್ಟು ವರ್ಷ ಹೆಂಗ ಬಾಳೇ ಮಾಡಿದ್ನೆಪ್ಪಾ ಅನ್ನೂಹಂಗ ಆಕಿ ನನ್ನ ನೋಡಿದ್ಲು. "ಅದು ಸಂಬಂಧಿಕರ ಮನೀನ? ಅದು ನನ್ನ ಮನಿ!"

ಕೊರ್ಲಹಳ್ಳಿ: ನಮ್ಮವರ್ಯಾರೂ ಇಲ್ಲದ ಊರು

ಉಳದಿದ್ದು ಒಂದ ರವಿವಾರ. ನಮ್ಮಾಕಿ ನಮ್ಮವ್ವನ್ನ ಎದುರಿಗೆ ಕುಂಡ್ರಿಸ್ಕೊಂಡು ವಿಚಾರಣಿ ಮಾಡಿದ್ಲು. "ಅತ್ತಿ, ಖರೆ ಹೇಳ್ರಿ. ನಮ್ಮವರ್ಯಾರೂ ಇಲ್ಲದ ಊರು ಯಾವುದೈತಿ?"

ಅವ್ವ ಬೀಗರು, ಬೀಗರ ಬೀಗರು ಎಲ್ಲಾರನ್ನೂ ಬೆರಳ ಮ್ಯಾಲೆ ಎಣಿಸಿದ್ಲು. "ಮುಂಡರಗಿ ಬ್ಯಾಡ, ಅಲ್ಲಿ ಮೂರು ಮನಿ ಅದಾವ. ಕೊರ್ಲಹಳ್ಳಿಗೆ ಹೋಗ್ರಿ. ತುಂಗಭದ್ರಾ ದಂಡಿಗೆ ಐತಿ. ಅಲ್ಲಿ ನಮಗ ಯಾರೂ ಇಲ್ಲ." ಹಂಗ ಒಂದು ಊರು ಉಳದದ್ದಕ್ಕ ಆಕಿಗೆ ನಾಚಿಕಿ ಆದಂಗಿತ್ತು.

ಮುಂಡರಗಿ ದಾಟುವಾಗ ಕಿಡಕಿ ಏರಿಸಿ, ತಲಿ ತಗ್ಗಿಸಿ ಕುಂತ್ವಿ. ಯಾರೂ ನೋಡಲಿಲ್ಲ. ಕೊರ್ಲಹಳ್ಳಿ ಮುಟ್ಟಿದ್ರ ಹೊಳಿ ತುಂಬಿ ಹರೀತಿತ್ತು. ಗಿಡದ ನೆಳ್ಳಾಗ ಚಾಪಿ ಹಾಸಿ ಬುತ್ತಿ ಬಿಚ್ಚಿದ್ವಿ. ನಮ್ಮಾಕಿ ಕಾಲು ಚಾಚಿ, "ಇದ ನೋಡ್ರಿ ನಾ ಕೇಳಿದ್ದು" ಅಂದ್ಲು. ಮಗಳು ಆಕೀದು ಹತ್ತು ಫೋಟೋ ತಗದ್ಲು. ಆಕಿ ಹಂಗ ಹಗುರಾಗಿ ಕುಂತಿದ್ದು ನೋಡಿ ನನಗೂ ಭಾಳ ಸಂತೋಷ ಆತು.

ತಾಸು ಆತು. ಒಬ್ಬ ಎಮ್ಮಿ ಹೊಡಕೊಂಡು ಬಂದ, ನಮ್ಮನ್ನ ನೋಡಿದ, ಹೋದ. ಮೂರು ಮಂದಿ ಹೆಣ್ಣುಮಕ್ಕಳು ಬಂದ್ರು, ನೋಡಿದ್ರು, ಹೋದ್ರು. ಸನೇದಾಗ ಒಬ್ಬ ಮುದುಕಿ ಅರಿವಿ ಒಗೀತಿದ್ಲು. ಆಕಿನೂ ಒಮ್ಮೆ ತಿರುಗಿ ನೋಡಿ ಸುಮ್ಮನ ಒಗಿಯಾಕ ಹತ್ತಿದ್ಲು.

ನಮ್ಮಾಕಿ ಚಾಚಿದ ಕಾಲು ಮಡಚಿದ್ಲು. "ರೀ, ಎಂಥಾ ಮಂದೀರೀ ಇವರು?"

"ಏನಾತು?"

"ಬಂದು ತಾಸಾತು. ಒಬ್ಬರರ ಯಾವ ಊರವರು ಅಂದ್ರೇನು? ಚಾ ಹೋಗ್ಲಿ, ನೀರರ ಬೇಕೇನು ಅಂದ್ರೇನು?"

"ಯಾರೂ ಕೇಳಬಾರದಂತನ ಅಲ್ಲೇನು ಇಲ್ಲಿತನಕ ಬಂದದ್ದು?"

"ಕುಡಿಯೋದು ಬಿಡೋದು ನಮಗ ಬಿಟ್ಟದ್ದು. ಅವರು ಕೇಳಬೇಕಿಲ್ಲೇನ್ರಿ? ಇಂಥಾ ಊರು ನಾ ಎಲ್ಲೂ ನೋಡಿಲ್ಲ!"

ನಮ್ಮವ್ವ ಸೇಂಗಾ ಚಟ್ನಿ ಹಚಗೊಂಡು ಆರಾಮ ಉಣ್ಣಾಕ ಹತ್ತಿದ್ಲು. ನಮ್ಮಾಕಿ ಮತ್ತ ಅರ್ಧ ತಾಸು ತಡಕೊಂಡ್ಲು. ಆಮ್ಯಾಲೆ ದಡಕ್ಕನ ಎದ್ದು, ಸೆರಗು ಸಿಗಿಸಿ, ಮುದುಕಿ ಎದುರಿಗೆ ಹೋಗಿ ನಿಂತ್ಲು. "ಯವ್ವಾ, ನಿಮ್ಮೂರಾಗ ಬಂದವರನ್ನ ಮಾತಾಡ್ಸೋ ಪದ್ಧತಿ ಇಲ್ಲೇನು?"

ಮುದುಕಿ ಗಾಬರಿಯಾಗಿ ಎದ್ದು ನಿಂತ್ಲು. "ತಪ್ಪು ತಿಳಕೋಬ್ಯಾಡ ನನ್ನವ್ವಾ. ನಿಮ್ಮನ್ನ ಕಂಡಕೂಡ್ಲೆ ಕರೀಬೇಕಂತ ಬಾಯಿತನಕ ಬಂದಿತ್ತು. ಆದ್ರ ನನ್ನ ಮಗ ಹೇಳ್ಯಾನ, ಫೋಟೋ ತಗಿಯೋ ಮಂದಿ ಹೊಳಿ ನೋಡಾಕ ಬಂದಿರತಾರ, ಅವರನ್ನ ಮಾತಾಡ್ಸಿ ತ್ರಾಸ ಕೊಡಬ್ಯಾಡ ಅಂತ. ನೀವು ಪ್ರವಾಸದವರಲ್ಲೇನು?"

ಅಷ್ಟು ವರ್ಷ ಆಸಿ ಪಟ್ಟ ಮಾತು ಅದು. ಅದನ್ನ ಕೇಳಿ ನಮ್ಮಾಕಿ ಮುಖ ಸಣ್ಣದಾತು. ಎದಿ ಮ್ಯಾಲೆ ಕೈ ಇಟ್ಕೊಂಡು, ಆಚೀ ದಂಡಿಗೂ ಕೇಳೂಹಂಗ ಅಂದ್ಲು, "ಅಯ್ಯ ಶಿವನ! ಪ್ರವಾಸದವರು ನಾವ್ಯಾಕ ಆಗೂಣು? ನಾವು ಇಲ್ಲೇ ಗದಗಿನವರು ಬೇ! ಶಿರಹಟ್ಟಿ ನನ್ನ ತವರುಮನಿ!"

"ಹಂಗಾರ ಮದಲ ಹೇಳಬಾರದೇನು?" ಮುದುಕಿ ಹಸಿ ಅರಿವಿ ಬುಟ್ಟಿ ಎತ್ತಿ ಸೀದಾ ಆಕಿ ಕೈಯಾಗ ಇಟ್ಲು. "ಹಿಡಿ, ನಡಿ ಮನಿಗೆ. ನಾ ಅರಿವಿ ಹರವೋದರಾಗ ನೀ ನಾಕು ರೊಟ್ಟಿ ಬಡೀವಂತಿ."

ನಮ್ಮಾಕಿ ಬುಟ್ಟಿ ಟೊಂಕಕ್ಕ ಇಟ್ಕೊಂಡು ಅರ್ಧ ಹಾದಿ ಹೋಗಿ, ಹೊಳ್ಳಿ ನಿಂತು ನನಗ ಒದರಿದ್ಲು:

"ರೀ, ನೀವು ಬೇಕಾದ್ರ ಹೊಳಿ ನೋಡ್ಕೊಂತ ಕುಂಡ್ರಿ. ನಂದು ನೋಡಿ ಆತು!"