ಗೋಡೆಗೆ ಹೇಳಿದ ಮಾತು

ದಾಯಾದಿಗಳ ಜೊತೆ ಮಾತು ಬಿಡುವುದು ಸುಲಭ. ಮಾತು ಬಿಟ್ಟ ಮೇಲೂ ಅವರಿಗೆ ಹೇಳಬೇಕಾದ್ದು ಉಳಿದೇ ಇರುತ್ತದಲ್ಲ, ಕಷ್ಟ ಇರುವುದು ಅಲ್ಲಿ. ನಲ್ಲಿಯಲ್ಲಿ ನೀರು ಬಂದಿದೆ ಎನ್ನಬೇಕು, ನಿಮ್ಮ ಒಲೆಯ ಹೊಗೆ ನಮ್ಮ ಕಣ್ಣಿಗೆ ಬರುತ್ತಿದೆ ಎನ್ನಬೇಕು. ಇದಕ್ಕೆ ನಮ್ಮ ಕಡೆ ಒಂದು ಏರ್ಪಾಡಿದೆ. ಹೇಳಬೇಕಾದವರಿಗೆ ಹೇಳದೆ ಅವರಿಗೆ ಕೇಳಿಸುವ ಹಾಗೆ ಹೆಂಡತಿಗೋ ಬೆಕ್ಕಿಗೋ ಗಟ್ಟಿಯಾಗಿ ಹೇಳುವುದು. ಅವರು ಅದನ್ನು ಕೇಳಿಸಿಕೊಂಡು ತಮ್ಮ ಬೆಕ್ಕಿಗೆ ಉತ್ತರ ಕೊಡುವುದು. ತುಮಕೂರಿನ ಹಳೇ ಪೇಟೆಯಲ್ಲಿ ನಾನೂ ನನ್ನ ದೊಡ್ಡಪ್ಪನ ಮಗ ಗಂಗಣ್ಣನೂ ಹೀಗೆ ಬಹಳ ವರ್ಷ ಸುಖವಾಗಿ ಮಾತು ಬಿಟ್ಟುಕೊಂಡಿದ್ದೆವು.

ನಮ್ಮದು ಮೊದಲು ಒಂದೇ ತೊಟ್ಟಿ ಮನೆ, ನಡುವೆ ಆಕಾಶ ಕಾಣುವ ಅಂಗಳ. ನಮ್ಮಪ್ಪನೂ ದೊಡ್ಡಪ್ಪನೂ ಪಾಲಾದಾಗ ಆ ತೊಟ್ಟಿಯ ನಟ್ಟನಡುವೆ ಗೋಡೆ ಎದ್ದಿತು. ಮನೆಯ ಒರಳುಕಲ್ಲು ಸರಿಯಾಗಿ ಗೆರೆಯ ಮೇಲೇ ಇತ್ತು. ಇಬ್ಬರೂ ಬಿಟ್ಟುಕೊಡಲಿಲ್ಲ, ಕೊನೆಗೆ ಅದರ ಮೇಲೇ ಗೋಡೆ ಕಟ್ಟಿಸಿದರು. ಅರ್ಧ ಕಲ್ಲು ನಮಗೆ, ಅರ್ಧ ಅವರಿಗೆ, ರುಬ್ಬುವ ಭಾಗ್ಯ ಯಾರಿಗೂ ಇಲ್ಲ. ಆಮೇಲೆ ಅವರು ಮಹಡಿಯಿಂದ ಇಣುಕಬಾರದೆಂದು ನಾವು ನಮ್ಮ ಅರ್ಧಕ್ಕೆ ಶೀಟು ಹೊದಿಸಿದೆವು, ನಾವು ಇಣುಕಬಾರದೆಂದು ಅವರೂ ಹೊದಿಸಿದರು. ಎರಡೂ ಮನೆಗೆ ಹಗಲಲ್ಲೇ ಕತ್ತಲಾಯಿತು. ನಾನು ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೆಳಕು ಸರಳರೇಖೆಯಲ್ಲಿ ಚಲಿಸುತ್ತದೆ ಎಂದು ಮಕ್ಕಳಿಗೆ ಪಾಠ ಹೇಳಿ, ಮನೆಗೆ ಬಂದು ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುತ್ತಿದ್ದೆ.

ನನ್ನ ಹೆಂಡತಿ ಜಯಮ್ಮ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಆ ವರ್ಷಗಳಲ್ಲಿ ಕರೆಂಟು ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಅಂಥ ಒಂದು ಮಧ್ಯಾಹ್ನ ಯಾರದೋ ಹಸಿರು ರವಿಕೆಗೆ ನೀಲಿ ದಾರ ಹಾಕಿ ಹೊಲಿದುಬಿಟ್ಟಳು. ಆ ಹೆಂಗಸು ಬಂದು ರವಿಕೆಯನ್ನು ಬೀದಿಯಲ್ಲೇ ಬಿಡಿಸಿ ತೋರಿಸಿ ಹೋದಳು. ಸಂಜೆ ಜಯಮ್ಮ ತೀರಾ ಸಮಾಧಾನವಾಗಿ ಮಾತಾಡಿದಳು. ನಮ್ಮ ಮನೆಯಲ್ಲಿ ಭಯಪಡಬೇಕಾದ್ದು ಸಮಾಧಾನಕ್ಕೇ.

"ಕ್ಯಾತ್ಸಂದ್ರದಲ್ಲಿ ಒಂದ್ ಬಾಡಿಗೆ ಮನೆ ನೋಡ್ಕೊಂಡ್ ಬಂದಿದೀನಿ. ಮೂರು ಕಡೆ ಕಿಟಕಿ. ಭಾನುವಾರ ಬಂದ್ ಹೇಳ್ತೀವಿ ಅಂದಿದೀನಿ. ನೀವು ಬಂದ್ರೆ ಬನ್ನಿ."

ಈ 'ಬಂದ್ರೆ ಬನ್ನಿ' ನನ್ನ ಎದೆಯಲ್ಲಿ ಕೂತುಬಿಟ್ಟಿತು. ನಾನು ಹುಟ್ಟಿದ್ದು ಆ ಮನೆಯಲ್ಲಿ. ಅದನ್ನು ಬಿಡುವುದು ನನ್ನಿಂದ ಆಗದ ಮಾತು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದು ಇನ್ನೂ ಸಂಕಟ.

ಆಗ ಜಯಮ್ಮನ ಅಕ್ಕನ ಮಗಳು ಸೌಮ್ಯಳಿಗೆ ಹೇಳಿ ಕಳಿಸಿದೆ. ಅವಳು ಆರ್ಕಿಟೆಕ್ಟು, ಹಳೇ ಮನೆಗಳಿಗೆ ಬೆಳಕು ತರಿಸುವುದೇ ಅವಳ ಕೆಲಸ. ಬಂದವಳು ಟೇಪು ಹಿಡಿದು ಅಳೆದಳು, ಗೋಡೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿದಳು.

"ಚಿಕ್ಕಪ್ಪ, ಬರೀ ನಮ್ಮ ಶೀಟ್ ತೆಗೆದ್ರೆ ಬಾವಿ ಥರ ಆಗುತ್ತೆ, ಬೆಳಕು ಒಳಗೆ ಬರಲ್ಲ. ಈ ಗೋಡೆನ ಸೊಂಟದವರೆಗೆ ಇಳಿಸಿ ಎರಡೂ ಕಡೆಗೂ ಸೇರಿ ಗಾಜಿನ ಸೂರು ಕೊಟ್ರೆ ಅಡುಗೆಮನೆವರೆಗೂ ಬರುತ್ತೆ. ಗೋಡೆ ಏನೂ ಭಾರ ಹೊರ್ತಿಲ್ಲ. ಪಕ್ಕದ್ಮನೆಯವ್ರನ್ನ ಒಂದ್ಮಾತು ಕೇಳ್ಬಿಡಿ, ಬಾಗಿಲು ಇಲ್ಲೇ ಇದೆಯಲ್ಲ."

ಭಾರ ಹೊರುತ್ತಿಲ್ಲವಂತೆ. ಎರಡು ತಲೆಮಾರಿನ ಸಿಟ್ಟನ್ನು ಹೊತ್ತು ನಿಂತಿದ್ದ ಗೋಡೆ ಅದು. ಬಾಗಿಲು ಎಲ್ಲಿದೆ ಎಂಬುದು ಆರ್ಕಿಟೆಕ್ಟುಗಳಿಗೆ ಚೆನ್ನಾಗಿ ಗೊತ್ತಿರುತ್ತದೆ. ಅದರೊಳಗೆ ಕಾಲಿಡುವುದು ಎಷ್ಟು ಕಷ್ಟ ಎಂಬುದು ನಕ್ಷೆಯಲ್ಲಿ ಬರುವುದಿಲ್ಲ.

ನಾನು ನನಗೆ ಗೊತ್ತಿದ್ದ ದಾರಿಯನ್ನೇ ಹಿಡಿದೆ. ಗುಬ್ಬಿಯ ರೈಲಿನಲ್ಲಿ ಮಾತನ್ನು ಬಾಯಿಪಾಠ ಮಾಡಿದೆ. ಪಕ್ಕದಲ್ಲಿದ್ದವನು ನನ್ನ ತುಟಿ ನೋಡಿ ಬೇರೆ ಸೀಟಿಗೆ ಹೋದ. ಬುಧವಾರ ಸಂಜೆ ಗೋಡೆಯ ಹತ್ತಿರ ನಿಂತು ಶುರು ಮಾಡಿದೆ. "ಜಯಾ, ಈ ಗೋಡೆ ಸ್ವಲ್ಪ ಇಳಿಸಿದ್ರೆ ಎರಡು ಮನೆಗೂ ಬೆಳಕು ಬರುತ್ತಂತೆ ಕಣೇ. ಕೆಲಸ ಎಲ್ಲ ನಾವೇ ನೋಡ್ಕೋಬಹುದು."

ಆಚೆ ಕಡೆ ಪಾತ್ರೆಯ ಸದ್ದು ನಿಂತಿತು. ಯಾವಾಗಲೂ ನನ್ನ ಮಾತು ಮುಗಿಯುವ ಮೊದಲೇ ಬೆಕ್ಕಿಗೆ ಬಯ್ಯುತ್ತಿದ್ದ ಗಂಗಣ್ಣ ಗುರುವಾರವೂ ಸುಮ್ಮನಿದ್ದ. ಶುಕ್ರವಾರ ಒಂದು ಕೆಮ್ಮು ಕೇಳಿಸಿತು. ಅದರ ಅರ್ಥವೇನಿರಬಹುದೆಂದು ಜಯಮ್ಮನನ್ನು ಕೇಳಿದರೆ, "ಕೆಮ್ಮು ಅಂದ್ರೆ ಕೆಮ್ಮು" ಎಂದು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವುದನ್ನು ಮುಂದುವರಿಸಿದಳು. ಶನಿವಾರ ಕೊನೆಗೂ ಅವನ ಬೆಕ್ಕಿಗೆ ಮಾತು ಸಿಕ್ಕಿತು.

"ಅಪ್ಪ ಕಟ್ಸಿದ್ ಗೋಡೆ ಕಣೇ ಇದು. ಯಾರೋ ಮೇಷ್ಟ್ರು ಒಡೀರಿ ಅಂದ್ರೆ ಒಡೆಯಕಾಯ್ತದಾ?"

ಜಯಮ್ಮ ಗೋಣಿಚೀಲದ ಬಾಯಿ ಬಿಗಿದು ಕಟ್ಟಿದಳು.

ಭಾನುವಾರ ಬೆಳಿಗ್ಗೆ ಜಯಮ್ಮ ಒಳ್ಳೆಯ ಸೀರೆ ಉಟ್ಟು ಹೊರಟು ನಿಂತಳು. ನಾನು ಒಂದು ಕಾಲಿಗೆ ಚಪ್ಪಲಿ ಹಾಕಿ ಇನ್ನೊಂದಕ್ಕೆ ಹುಡುಕುತ್ತಿದ್ದೆ. ಕತ್ತಲಲ್ಲಿ ಸಿಗಲಿಲ್ಲ. ಆಗ ಬಾಯಿಂದ ಬಂದ ಮಾತು ಬಾಯಿಪಾಠ ಮಾಡಿದ್ದಲ್ಲ, ಗೋಡೆಗೆ ಕೇಳಿಸಲೆಂದು ಆಡಿದ್ದೂ ಅಲ್ಲ. "ನಡಿ ಜಯಾ, ಹೋಗೋಣ. ಅಪ್ಪನ ಮನೆಗೆ ಬೀಗ ಹಾಕೋದು ನನ್ನ ಹಣೇಲೇ ಬರೆದಿತ್ತು."

ಆಚೆ ಕಡೆ ಕುರ್ಚಿ ಸರಿದ ಸದ್ದಾಯಿತು.

"ಲೇ ಇವಳೇ, ಯಾರೋ ಮನೆ ಬುಟ್ಟು ಹೋಯ್ತಾರಂತೆ. ಆಮೇಕೆ ನಾನು ಯಾರಿಗೆ ಕೇಳಂಗೆ ಬಯ್ಯನ? ಗೋಡೆ ಒಡ್ಕಳ್ಳಿ ಬುಡು. ಒರಳುಕಲ್ಲು ಮಾತ್ರ ಹುಷಾರು ಅನ್ನು."

ನನಗೆ ಅಳು ಬಂತು. ಮನೆ ಇನ್ನೂ ಕತ್ತಲಾಗಿದ್ದದ್ದು ಒಳ್ಳೆಯದೇ ಆಯಿತು.

ಗೋಡೆ ಇಳಿಯಿತು, ಶೀಟುಗಳು ಹೋದವು, ಗಾಜು ಬಂತು. ಸೌಮ್ಯ ಹೇಳಿದ ಹಾಗೆ ಬೆಳಕು ಅಡುಗೆಮನೆಯ ತನಕ ನಡೆದುಹೋಯಿತು. ಜಯಮ್ಮ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ, ಸೂಜಿಯನ್ನು ಎತ್ತಿ ಹಿಡಿದು ಸುಮಾರು ಹೊತ್ತು ನೋಡಿದಳು. ಕ್ಯಾತ್ಸಂದ್ರದ ಮಾತು ಮತ್ತೆ ಬರಲಿಲ್ಲ.

ತೊಂದರೆ ಶುರುವಾದದ್ದು ಆಮೇಲೆ. ಸೊಂಟದೆತ್ತರದ ಗೋಡೆಯ ಆಚೆ ಕುರ್ಚಿಯಲ್ಲಿ ಗಂಗಣ್ಣ, ಈಚೆ ಪೇಪರು ಹಿಡಿದು ನಾನು, ಮುಖಕ್ಕೆ ಮುಖ. ಎದುರಿಗೇ ಕೂತವನನ್ನು ಬಿಟ್ಟು ಬೆಕ್ಕಿನ ಜೊತೆ ಮಾತಾಡಿದರೆ ಮರ್ಯಾದೆಯಲ್ಲ. ನೇರವಾಗಿ ಮಾತಾಡಿ ಅಭ್ಯಾಸವಿಲ್ಲ. ಇಬ್ಬರೂ ಗಾಜಿನ ಸೂರನ್ನು ನೋಡುತ್ತ ಕೂರುತ್ತಿದ್ದೆವು. "ಗೋಡೆ ಇದ್ದಾಗ್ಲೇ ನೀವೂ ಭಾವನೋರೂ ಚೆನ್ನಾಗ್ ಮಾತಾಡ್ತಿದ್ರಿ" ಎಂದಳು ಜಯಮ್ಮ. ನಿಜ.

ಒಂದು ಬೆಳಿಗ್ಗೆ ತಡೆಯಲಾರದೆ ನಾನು ಎದ್ದು ಕೋಣೆಗೆ ಹೋದೆ. ಬಾಗಿಲನ್ನು ಅರ್ಧ ಮುಚ್ಚಿಕೊಂಡು, ಅದರ ಹಿಂದೆ ನಿಂತು ಗಟ್ಟಿಯಾಗಿ ಹೇಳಿದೆ, "ಜಯಾ, ಕಾಫಿ ಒಂದ್ ಲೋಟ ಜಾಸ್ತಿ ಮಾಡು. ಆ ಕಡೆಗೂ ಒಂದು ಕೊಡೋಣ."

ಆಚೆ ಕುರ್ಚಿ ಸರಿದ ಸದ್ದು ಕೇಳಿಸಿತು. ಆಮೇಲೆ ಗಂಗಣ್ಣನ ಧ್ವನಿ ಬಂತು, "ಸಕ್ಕರೆ ಕಮ್ಮಿ ಇರ್ಲಿ ಅನ್ನು ಕಣೇ."

ಅವನ ಮುಖ ಹೇಗಿದೆ ನೋಡೋಣವೆಂದು ಬಾಗಿಲ ಸಂದಿಯಿಂದ ಇಣುಕಿದೆ. ಅಷ್ಟು ಬೆಳಕಿನಲ್ಲಿ ಕುರ್ಚಿ ಖಾಲಿ ಇತ್ತು. ಅವನೂ ಎದ್ದು ಹೋಗಿ ತನ್ನ ಬಾಗಿಲ ಹಿಂದೆ ನಿಂತಿದ್ದ.